ಒಂದೇ ರಾತ್ರಿಯ ಚಳಿಗೆ ಬೋಟ್ ಇಂಜಿನ್ ಸೀಳಿತಾ? ಪತ್ತೆ ಮಾಡುವುದು, ಮುಂದೆ ತಪ್ಪಿಸುವುದು

ರಾತ್ರಿ ಚಳಿ ಜೋರಾಗಿತ್ತು. ಬೆಳಿಗ್ಗೆ ನೋಡಿದರೆ ಹೊರಗಿಟ್ಟ ಬಕೆಟ್ಟಿನ ನೀರು ಕಲ್ಲಾಗಿದೆ. ಬೋಟ್ ಟ್ರೇಲರ್ ಮೇಲೆ ಹೊರಗೇ ಇದೆ. ಇಂಜಿನ್ನಿನ ನೀರು ತೆಗೆದಿದ್ದೆನಾ ಇಲ್ವಾ, ನೆನಪಾಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಕೀಲಿಗೆ. ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ, ಸ್ಟಾರ್ಟ್ ಆದರೆ ಎಲ್ಲ ಸರಿ ಇದೆ ಅಂತ ತಾನೇ ಅನಿಸುತ್ತದೆ.

ಕೀಲಿ ಮುಟ್ಟಬೇಡಿ. ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಬಿರುಕು ಬಿಟ್ಟ ಇಂಜಿನ್ ಕೂಡ ಎಷ್ಟೋ ಸಲ ಮೊದಲ ಏಟಿಗೇ ಸ್ಟಾರ್ಟ್ ಆಗುತ್ತದೆ. ಆಮೇಲೆ ಸೀಳಿನಿಂದ ಇಳಿದ ನೀರು ಆಯಿಲ್ ಜೊತೆ ಕಲಸಿಹೋಗಿ ಬೇರಿಂಗ್‌ಗಳನ್ನು ತಿನ್ನುತ್ತದೆ. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಕಥೆ ಇನ್ನೂ ಕೆಟ್ಟದ್ದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಮೇಲೆ ಬಂದ ಪಿಸ್ಟನ್ ನೀರಿಗೆ ಗುದ್ದಿ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟು ಸೇರಿಸಿ ಹೊರಹಾಕುವ ಎರಕದ ಕೊಳವೆ) ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಪೂರ್ತಿ ಇಂಜಿನ್ ಬಿಚ್ಚುವ ಕೆಲಸವಾಗಿಬಿಡುತ್ತದೆ.

ಪ್ರತಿ ವರ್ಷ ಕೆರೆಯೇ ಹೆಪ್ಪುಗಟ್ಟುವ ಊರುಗಳಲ್ಲಿ ಜನ ಇದಕ್ಕೆ ಮೊದಲೇ ತಯಾರಾಗಿರುತ್ತಾರೆ. ಚಳಿಗಾಲಕ್ಕೆ ಮುಂಚೆ ಬೋಟ್ ಮೇಲೆತ್ತಿ, ನೀರು ತೆಗೆದು, ಮುಚ್ಚಿಟ್ಟರೆ ತಿಂಗಳುಗಟ್ಟಲೆ ಅದರ ಯೋಚನೆ ಇಲ್ಲ. ಚಳಿ ಕಡಿಮೆ ಇರುವ ಕಡೆಯೇ ಕಷ್ಟ. ಅಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವುದು ವರ್ಷಕ್ಕೆ ಎಲ್ಲೋ ನಾಲ್ಕೈದು ರಾತ್ರಿ. ಉಳಿದ ದಿನ ಬಿಸಿಲಿರುತ್ತದೆ, ಬೋಟ್ ಓಡುತ್ತಲೇ ಇರುತ್ತದೆ, ಇಂಜಿನ್ನಿನಲ್ಲಿ ನೀರು ಇದ್ದೇ ಇರುತ್ತದೆ.

ನೀರು ಹೆಪ್ಪುಗಟ್ಟಿದಾಗ ಒಳಗೆ ಏನಾಗುತ್ತದೆ

ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಅಂದರೆ 1 ಲೀಟರ್ ನೀರಿಗೆ 1.09 ಲೀಟರ್ ಜಾಗ ಬೇಕು. ಎರಕದ ಕಬ್ಬಿಣ ಗಟ್ಟಿ ನಿಜ, ಆದರೆ ಅದಕ್ಕೆ ಬಗ್ಗುವ ಗುಣ ಇಲ್ಲ. ಜಾಗ ಕೊಡಲಾಗದೆ ಸೀಳುತ್ತದೆ.

ಒಂದು ವಿಷಯ ಜನರನ್ನು ಮೋಸ ಮಾಡುತ್ತದೆ. 'ಹೋದ ವರ್ಷ ಮೈನಸ್ 1 ಆಗಿತ್ತು, ನನ್ನ ಇಂಜಿನ್‌ಗೆ ಏನೂ ಆಗಲಿಲ್ಲ' ಅಂತ ಧೈರ್ಯ ಬಂದಿರುತ್ತದೆ. ನೀರು 10 ಡಿಗ್ರಿಯಿಂದ 0ಗೆ ಇಳಿಯಲು ಎಷ್ಟು ಶಾಖ ಬಿಡಬೇಕೋ, 0 ಡಿಗ್ರಿಯ ನೀರು ಪೂರ್ತಿ ಐಸ್ ಆಗಲು ಅದರ ಸುಮಾರು 8 ಪಟ್ಟು ಬಿಡಬೇಕು. ಭಾರದ ಕಬ್ಬಿಣದ ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ನಿನ ಮುಖ್ಯ ಮೈ) ಕೂಡ ಸ್ವಲ್ಪ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಸುಕಿನಲ್ಲಿ ಒಂದೆರಡು ಗಂಟೆ ಮೈನಸ್ 1 ಆದರೆ ದೊಡ್ಡ ಬ್ಲಾಕ್ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಮುಂದಿನ ವರ್ಷ ಮೈನಸ್ 5 ಆಗಿ, ಹಗಲೂ ಸೊನ್ನೆ ದಾಟದೆ ಕೂತರೆ ಬದುಕುವುದಿಲ್ಲ. ಅದೇ ಮೈನಸ್ 1ರ ರಾತ್ರಿಯಲ್ಲೂ ಸಣ್ಣ ಭಾಗಗಳಿಗೆ ಈ ರಕ್ಷಣೆ ಇಲ್ಲ. ಆಯಿಲ್ ಕೂಲರ್, ನೀರಿನ ಪಂಪಿನ ಮೈ, ಒಳಬರುವ ನೀರಿನ ಕಸ ಹಿಡಿಯುವ ಸ್ಟ್ರೇನರ್ ಬಟ್ಟಲು, ತೆಳು ಪೈಪುಗಳು ಬೇಗ ತಣಿಯುತ್ತವೆ, ಬೇಗ ಒಡೆಯುತ್ತವೆ.

ಸಮುದ್ರದಲ್ಲಿ ಓಡಿಸುವವರು ಉಪ್ಪುನೀರು ಬೇಗ ಹೆಪ್ಪುಗಟ್ಟಲ್ಲ ಅಂತಾರೆ. ಸಮುದ್ರದ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 2 ಡಿಗ್ರಿಗೆ, ಅಷ್ಟೇ ವ್ಯತ್ಯಾಸ. ಜೊತೆಗೆ, ವಾಪಸ್ ಬಂದ ಮೇಲೆ ನಲ್ಲಿ ನೀರು ಹಾಯಿಸಿ ಇಂಜಿನ್ ತೊಳೆದಿರುತ್ತೀರಲ್ಲ? ಈಗ ಒಳಗೆ ನಿಂತಿರುವುದು ಸಿಹಿನೀರೇ.

ನಿಮ್ಮದು ಯಾವ ಬಗೆಯ ಇಂಜಿನ್

ಇದು ಗೊತ್ತಿಲ್ಲದೆ ಹುಡುಕಲು ಹೊರಟರೆ ಸುಮ್ನೆ ಹೊತ್ತು ಹಾಳು.

ಕೆರೆಯ ಅಥವಾ ಸಮುದ್ರದ ನೀರನ್ನು ನೇರವಾಗಿ ಬ್ಲಾಕಿನೊಳಗೆ ಹಾಯಿಸಿ ತಣ್ಣಗಾಗುವ ಇನ್‌ಬೋರ್ಡ್ (ಬೋಟಿನೊಳಗೆ ಕೂರುವ) ಮತ್ತು ಸ್ಟರ್ನ್‌ಡ್ರೈವ್ (ಇಂಜಿನ್ ಒಳಗೆ, ಪ್ರೊಪೆಲ್ಲರ್ ಭಾಗ ಹಿಂದೆ ಹೊರಗೆ ಇರುವ) ಇಂಜಿನ್‌ಗಳಿಗೆ ಅಪಾಯ ಜಾಸ್ತಿ. ಬ್ಲಾಕ್, ಹೆಡ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕೂಲರ್, ಎಲ್ಲದರಲ್ಲೂ ಬರೀ ನೀರು. ಇಂಜಿನ್ ನಿಲ್ಲಿಸಿದ ಮಾತ್ರಕ್ಕೆ ಅದು ಇಳಿದುಹೋಗುವುದಿಲ್ಲ.

ಕಾರಿನ ಹಾಗೆ ಕೂಲಂಟ್ ಒಳಗೇ ಸುತ್ತುವ ಇಂಜಿನ್ ಇದ್ದರೆ ಬ್ಲಾಕ್ ಬಗ್ಗೆ ಅಷ್ಟು ಭಯ ಇಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ. ಆದರೆ ಮೇಲೆ ಮೇಲೆ ಬರೀ ನೀರು ಸುರಿದು ತೆಳ್ಳಗಾಗಿದ್ದರೆ ಲೆಕ್ಕ ತಪ್ಪುತ್ತದೆ. ದ್ರವ ಎಷ್ಟು ಚಳಿ ತಡೆಯುತ್ತದೆ ಅಂತ ತೋರಿಸುವ ರಿಫ್ರಾಕ್ಟೋಮೀಟರ್‌ಗೆ ಒಂದು ಹನಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಮಾತು. ಕೂಲಂಟಿನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಒಂದು ಬದಿಯಲ್ಲಿ ಕೂಲಂಟ್ ಇದ್ದರೆ ಇನ್ನೊಂದು ಬದಿಯಲ್ಲಿ ಹೊರಗಿನ ನೀರೇ ಇರುತ್ತದೆ. ಪಂಪ್, ಸ್ಟ್ರೇನರ್, ಎಕ್ಸಾಸ್ಟಿನ ಬಾಗಿದ ಕೊಳವೆ, ನೀರು ತುಂಬುವ ಮಫ್ಲರ್ ಕೂಡ ಹಾಗೆಯೇ.

ಬೋಟಿನ ಹಿಂದೆ ಹೊರಗಡೆ ತೂಗುವ ಔಟ್‌ಬೋರ್ಡ್ ಇದ್ದವರು ಪುಣ್ಯವಂತರು. ಅದನ್ನು ನೆಟ್ಟಗೆ ಕೆಳಮುಖವಾಗಿ ಇಳಿಸಿ ನಿಲ್ಲಿಸಿದರೆ ನೀರು ತಾನಾಗಿಯೇ ಇಳಿದುಹೋಗುತ್ತದೆ. ಎತ್ತಿ ಇಟ್ಟರೆ ಮಾತ್ರ ತೊಂದರೆ. ಮಳೆನೀರು ಪ್ರೊಪೆಲ್ಲರ್ ನಡುವಿನ ತೂತಿನಿಂದ ಇಳಿದು ಅಲ್ಲೇ ನಿಲ್ಲುತ್ತದೆ.

ಮೊದಲ ಕೆಲಸ: ಕರಗಲು ಬಿಡಿ, ಕಣ್ಣಿಂದ ನೋಡಿ

ಹೆಪ್ಪುಗಟ್ಟಿರುವಾಗ ಬಿರುಕು ಸೋರುವುದಿಲ್ಲ. ಐಸೇ ಬಿರಡೆಯ ಹಾಗೆ ಅದನ್ನು ಮುಚ್ಚಿರುತ್ತದೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಇಂಜಿನ್ ಸುತ್ತ ಒಣಗಿದೆ ಅಂತ ಸಮಾಧಾನ ಪಡಬೇಡಿ. ಬಿಸಿಲೇರಿ ಪೂರ್ತಿ ಕರಗಿದ ಮೇಲೆ ಇನ್ನೊಂದು ಸಲ ನೋಡಿ. ಬೇಗ ಕರಗಲಿ ಅಂತ ಬೆಂಕಿ, ಗ್ಯಾಸ್ ಟಾರ್ಚ್ ಹತ್ತಿರ ತರಬೇಡಿ. ಪೆಟ್ರೋಲ್ ಆವಿ ಬೋಟಿನ ತಳದಲ್ಲಿ ಕೂತಿರುತ್ತದೆ. ಕುದಿಯುವ ನೀರನ್ನೂ ಸುರಿಯಬೇಡಿ, ಹೊಸ ಬಿರುಕಿಗೆ ಅದೇ ಸಾಕು.

ಬೋಟ್ ನೀರಿನಲ್ಲೇ ಕಟ್ಟಿದ್ದರೆ ಕರಗುವ ಮೊದಲೇ ಒಂದು ಕೆಲಸ ಇದೆ. ತಳದಿಂದ ಇಂಜಿನ್‌ಗೆ ನೀರು ಬರುವ ವಾಲ್ವ್ ಮುಚ್ಚಿ. ಸ್ಟ್ರೇನರ್ ಬಟ್ಟಲೋ ಹೋಸೋ ಒಡೆದಿದ್ದರೆ, ಐಸ್ ಕರಗಿದ ಕೂಡಲೇ ಹೊರಗಿನ ನೀರು ಒಳಗೆ ನುಗ್ಗುತ್ತದೆ. ಬೋಟ್ ಮುಳುಗಲು ಅಷ್ಟೇ ಸಾಕು.

ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಶುರು ಮಾಡಿ. ಮೊದಲು ಸ್ಟ್ರೇನರ್ ಬಟ್ಟಲು. ಅದು ಸೀಳಿದ್ದರೆ ಉಳಿದ ಕಡೆಯೂ ಹೆಪ್ಪುಗಟ್ಟಿದೆ ಅಂತಲೇ ಹಿಡಿಯಿರಿ. ಆಮೇಲೆ ಪಂಪಿನ ಮೈ, ಕೂಲರ್‌ಗಳ ತುದಿಗಳು, ಎರಡೂ ಬದಿಯ ಮ್ಯಾನಿಫೋಲ್ಡ್‌ಗಳ ತಳ. ಕೊನೆಗೆ ಬ್ಲಾಕಿನ ಎರಡು ಪಕ್ಕಗಳು. ಹೊರಗಿನ ಸೀಳು ಹೆಚ್ಚಾಗಿ ಮ್ಯಾನಿಫೋಲ್ಡ್ ಕೆಳಗೆ, ನೀರಿನ ಜಾಗದ ಉದ್ದಕ್ಕೂ ಮಲಗಿದ ಗೆರೆಯ ಹಾಗೆ ಓಡಿರುತ್ತದೆ. ಪೇಂಟಿನ ಮೇಲೆ ಕೂದಲೆಳೆಯಂಥ ಗೆರೆ. ಬೆರಳಾಡಿಸಿದರೆ ಉಗುರಿಗೆ ತಾಗುತ್ತದೆ. ಅದರ ಕೆಳಗೆ ತುಕ್ಕಿನ ಬಣ್ಣದ ಹನಿ ಇಳಿದ ಗುರುತು ಇದ್ದರೆ ಅನುಮಾನವೇ ಬೇಡ.

ಬ್ಲಾಕಿನ ಪಕ್ಕದಲ್ಲಿ ಬಿಲ್ಲೆಯಂಥ ಕೋರ್ ಪ್ಲಗ್‌ಗಳು ಕಾಣುತ್ತವೆ. ಹೆಪ್ಪುಗಟ್ಟಿದರೆ ಇವು ಹಾರಿಹೋಗಿ ಬ್ಲಾಕ್ ಉಳಿಸುತ್ತವೆ ಅನ್ನುವ ಮಾತು ಎಲ್ಲೆಡೆ ಇದೆ. ಅವು ಇರುವುದು ಅದಕ್ಕಲ್ಲ. ಎರಕ ಹೊಯ್ಯುವಾಗ ಒಳಗಿಟ್ಟ ಮರಳನ್ನು ತೆಗೆಯಲು ಬಿಟ್ಟ ತೂತುಗಳಿಗೆ ಹಾಕಿದ ಮುಚ್ಚಳ ಅವು. ಕೆಲವೊಮ್ಮೆ ಹೊರಬಂದು ಬ್ಲಾಕ್ ಉಳಿಯುವುದೂ ಉಂಟು. ಕೋರ್ ಪ್ಲಗ್ ಹೊರಬಂದಿದೆ, ಜೊತೆಗೆ ಬ್ಲಾಕೂ ಸೀಳಿದೆ ಅನ್ನುವುದೂ ಅಷ್ಟೇ ಉಂಟು. ಪ್ಲಗ್ ಬಿದ್ದಿದ್ದು ಕಂಡರೆ ಹೊಸದು ಬಡಿದು ಮುಗಿಸಬೇಡಿ, ಮುಂದಿನ ಪರೀಕ್ಷೆಗಳನ್ನೂ ಮಾಡಿ.

ಡಿಪ್‌ಸ್ಟಿಕ್ ಹೇಳುವುದನ್ನು ಸರಿಯಾಗಿ ಓದಿ

ಇಲ್ಲಿ ಬಹಳ ಜನ ಎಡವುತ್ತಾರೆ. ಆಯಿಲ್ ಕೆನೆಗಟ್ಟಿದ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಹಾಗೆ ಬೆಳ್ಳಗಾಗುವುದು ಇಂಜಿನ್ ತಿರುಗಿ ಎರಡೂ ಕಲಸಿದ ಮೇಲೆ. ಹೆಪ್ಪುಗಟ್ಟಿದ ಮೇಲೆ ಇಂಜಿನ್ ಓಡಿಸೇ ಇಲ್ಲ ಅಂದರೆ ನೀರು ಭಾರ, ಅದು ಸಂಪಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ತಳಕ್ಕೆ ಹೋಗಿ ಕೂರುತ್ತದೆ. ಆಯಿಲ್ ಅದರ ಮೇಲೆ ತೇಲುತ್ತದೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಸ್ವಚ್ಛವಾಗಿಯೇ ಕಾಣುತ್ತದೆ.

ಹಾಗಾಗಿ ಬಣ್ಣ ಬಿಟ್ಟು ಮಟ್ಟ ನೋಡಿ. ಮೇಲಿನ ಗುರುತಿಗಿಂತ ಒಂದೆರಡು ಬೆರಳು ಮೇಲೆ ಇದೆಯಾ? ಆಯಿಲ್ ತಾನಾಗಿ ಜಾಸ್ತಿ ಆಗುವುದಿಲ್ಲ. ಡಿಪ್‌ಸ್ಟಿಕ್ ಕೊಳವೆಯಿಂದ ಆಯಿಲ್ ಎಳೆಯುವ ಕೈಪಂಪ್ ಇದ್ದರೆ ಅದರ ಟ್ಯೂಬ್ ತಳ ಮುಟ್ಟುವವರೆಗೆ ಇಳಿಸಿ, ನಿಧಾನವಾಗಿ ಎಳೆಯಿರಿ. ಮೊದಲು ಬರುವುದು ತಳದಲ್ಲಿರುವುದು. ಪಾರದರ್ಶಕ ಬಾಟಲಿಗೆ ಹಿಡಿದರೆ ಕಣ್ಣೆದುರೇ ಗೊತ್ತಾಗುತ್ತದೆ: ಮೊದಲು ತಿಳಿನೀರು, ನಡುವೆ ಒಂದು ಮಸುಕು ಪಟ್ಟಿ, ಆಮೇಲೆ ಆಯಿಲ್. ಅನುಮಾನ ಇದ್ದರೆ ಒಂದು ಹನಿಯನ್ನು ಬೋಟಿನಿಂದ ದೂರ, ಬಯಲಿನಲ್ಲಿ, ಬಿಸಿ ತಗಡಿನ ಮೇಲೆ ಬಿಡಿ. ಚಟಪಟ ಅಂದರೆ ನೀರಿದೆ.

ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ತೆಳು ಬಿಳಿ ಪದರ ಇದ್ದು, ಮಟ್ಟ ಸರಿಯಾಗಿದ್ದರೆ ಹೆದರಬೇಡಿ. ಚಳಿಯಲ್ಲಿ ಸ್ವಲ್ಪ ಸ್ವಲ್ಪವೇ ಓಡಿಸಿ ನಿಲ್ಲಿಸಿದ ಇಂಜಿನ್‌ನಲ್ಲಿ ಒಳಗಿನ ತೇವ ಹೀಗೆ ಕೂರುತ್ತದೆ.

ಕೈಯಿಂದ ತಿರುಗಿಸಿ, ಸ್ಟಾರ್ಟರ್‌ನಿಂದ ಬೇಡ

ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಂದ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ಒದ್ದೆಯಾಗಿದೆಯಾ, ತುಕ್ಕಿನ ಚುಕ್ಕೆ ಬಂದಿದೆಯಾ ನೋಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಇಂಜಿನ್ ಯಾವಾಗಲೂ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ. ಫೋರ್ ಸ್ಟ್ರೋಕ್ ಇಂಜಿನ್ನಿನ ಎಲ್ಲ ಸಿಲಿಂಡರ್‌ಗಳೂ ಒಂದು ಸರದಿ ಮುಗಿಸಲು ಎರಡು ಸುತ್ತು ಬೇಕು. ಯಾವ ತೂತಿನಿಂದ ನೀರು ಬಂತು ಅಂತ ಬರೆದಿಟ್ಟುಕೊಳ್ಳಿ. ಡೀಸೆಲ್ ಇಂಜಿನ್‌ನಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಬೇಕಾಗುತ್ತದೆ. ಅಭ್ಯಾಸ ಇಲ್ಲದಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ನೀರಿನ ಪಂಪಿನ ಮುಚ್ಚಳವನ್ನೂ ಈಗಲೇ ತೆಗೆದು, ಒಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ನೋಡಿ. ಐಸ್ ಇದ್ದಾಗ ಯಾರಾದರೂ ಒಂದು ಸಲ ಸ್ಟಾರ್ಟರ್ ಹೊಡೆದಿದ್ದರೆ ರಬ್ಬರಿನ ರೆಕ್ಕೆಗಳು ಹರಿದಿರುತ್ತವೆ. ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮುಂದಿನ ಹೋಸಿನಲ್ಲೋ ಕೂಲರಿನಲ್ಲೋ ಸಿಕ್ಕಿಕೊಂಡಿದೆ. ಅದನ್ನು ತೆಗೆಯದೆ ಹೊಸ ಇಂಪೆಲ್ಲರ್ ಹಾಕಿದರೆ ಇಂಜಿನ್ ಬಿಸಿಯಾಗುವುದು ತಪ್ಪುವುದಿಲ್ಲ.

ಒತ್ತಡದ ಪರೀಕ್ಷೆ

ಕಣ್ಣಿಗೆ ಏನೂ ಕಾಣಲಿಲ್ಲ, ಆದರೂ ಅನುಮಾನ ಇದೆ. ಆಗ ಇದೊಂದೇ ದಾರಿ. ನೀರು ಪೂರ್ತಿ ತೆಗೆದು, ಬ್ಲಾಕಿಗೆ ಹೋಗುವ ಬರುವ ಹೋಸ್‌ಗಳನ್ನೆಲ್ಲ ರಬ್ಬರ್ ಬಿರಡೆ ಮತ್ತು ಕ್ಲಾಂಪ್ ಹಾಕಿ ಮುಚ್ಚಿ. ಒಂದು ಕಡೆ ಮಾತ್ರ ಗೇಜ್ ಇರುವ ಪಂಪ್ ಜೋಡಿಸಿ ಗಾಳಿ ತುಂಬಿ. ಸಾಮಾನ್ಯವಾಗಿ 15 ಪಿಎಸ್‌ಐ ಸುತ್ತಮುತ್ತ ಸಾಕು. ಇಂಜಿನ್ನಿನ ಕೈಪಿಡಿ ಹೇಳಿದ್ದಕ್ಕಿಂತ ಜಾಸ್ತಿ ಏರಿಸಬೇಡಿ. ಹದಿನೈದು ನಿಮಿಷ ಬಿಟ್ಟು ಮುಳ್ಳು ನೋಡಿ.

ಮುಳ್ಳು ಇಳಿದರೆ ಮೊದಲು ನೀವೇ ಹಾಕಿದ ಬಿರಡೆಗಳಿಗೆ ಸೋಪಿನ ನೀರು ಸವರಿ. ಅರ್ಧಕ್ಕರ್ಧ ಸಲ ಸೋರುವುದು ಅಲ್ಲೇ. ಅಲ್ಲಿ ಗುಳ್ಳೆ ಇಲ್ಲ ಅಂದರೆ ಕಿವಿ ಕೊಡಿ. ಡಿಪ್‌ಸ್ಟಿಕ್ ಕೊಳವೆಯ ಬಾಯಿಗೆ ಕಿವಿ ಇಟ್ಟಾಗ ಸುಯ್ ಅಂತ ಕೇಳಿದರೆ ಗಾಳಿ ಸಂಪಿನ ಕಡೆ ಹೋಗುತ್ತಿದೆ. ಅಂದರೆ ಬ್ಲಾಕಿನ ಒಳಗೋಡೆ ಸೀಳಿರಬಹುದು. ಸ್ಪಾರ್ಕ್ ಪ್ಲಗ್ ತೂತಿನಿಂದ ಬಂದರೆ ಆ ಸಿಲಿಂಡರಿನ ಗೋಡೆ, ಹೆಡ್ ಅಥವಾ ಹೆಡ್ ಗ್ಯಾಸ್ಕೆಟ್. ಹೊರಮೈಯಲ್ಲಿ ಸೋಪಿನ ಗುಳ್ಳೆ ಎದ್ದರೆ ಸೀಳು ಎಲ್ಲಿದೆ ಅಂತ ಅದೇ ತೋರಿಸುತ್ತದೆ. ಮ್ಯಾನಿಫೋಲ್ಡ್‌ಗಳನ್ನು ಬೇರೆಯಾಗಿ ಇದೇ ರೀತಿ ನೋಡಬೇಕು.

ವಿ6, ವಿ8 ಇಂಜಿನ್ನಿನವರು ಒಂದು ಜಾಗ ನೆನಪಿಡಿ. ಎರಡು ಸಾಲು ಸಿಲಿಂಡರ್‌ಗಳ ನಡುವೆ, ಗಾಳಿ ಒಳತರುವ ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಒಂದು ಕಣಿವೆ ಇದೆ. ವಾಲ್ವ್ ಲಿಫ್ಟರ್‌ಗಳು ಕೂರುವ ಜಾಗ. ಅಲ್ಲಿನ ಗೋಡೆ ಸೀಳಿದರೆ ಹೊರಗೆ ಒಂದು ಹನಿಯೂ ಕಾಣದು, ನೀರೆಲ್ಲ ಸೀದಾ ಆಯಿಲ್‌ಗೆ. ಹೊರಗೆಲ್ಲ ಒಣಗಿದೆ, ಸಿಲಿಂಡರ್‌ಗಳೂ ಒಣಗಿವೆ, ಆಯಿಲ್ ಮಟ್ಟ ಮಾತ್ರ ಏರಿದೆ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಎಲ್ಲ ನೀರಿಗೂ ಚಳಿಯೇ ಕಾರಣ ಅಲ್ಲ

ಸಿಲಿಂಡರಿನಲ್ಲಿ ನೀರಿದೆ, ಆಯಿಲ್ ಮಾತ್ರ ಚೆನ್ನಾಗಿದೆ. ಇಂಥ ಕಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದಕ್ಕೆ ಜೋಡಿಸಿದ ಎಕ್ಸಾಸ್ಟ್ ಕೊಳವೆಯಾದ ರೈಸರ್ ಮೇಲೆ ಅನುಮಾನ ಜಾಸ್ತಿ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಓಡಿದ ರೈಸರ್ ತುಕ್ಕು ತಿಂದು ತೂತಾಗುತ್ತದೆ. ಅದಕ್ಕೆ ಚಳಿ ಬೇಕಾಗಿಲ್ಲ. ಬಿಚ್ಚಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ತುಕ್ಕಿನ ತೂತಿನ ಸುತ್ತ ಲೋಹ ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ. ಚಳಿಯ ಸೀಳು ಗಟ್ಟಿ ಲೋಹದ ನಡುವೆ ಚೂಪಾಗಿ, ಉದ್ದಕ್ಕೆ ಇರುತ್ತದೆ. ಹೊಸ ಸೀಳಿನ ಒಳಮೈ ಬೂದು ಬಣ್ಣಕ್ಕೆ ಹೊಳೆಯುತ್ತದೆ, ಹಳೆಯದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚಳಿ ಬೀಳುವ ಮೊದಲೇ ಬಿಳಿ ಹೊಗೆ, ಬಿಸಿಯಾಗುವುದು ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಇತ್ತು ಅಂದರೆ ಹೆಡ್ ಗ್ಯಾಸ್ಕೆಟ್ ಕಡೆಗೂ ನೋಡಬೇಕು.

ವಿಮೆ ಇರುವವರಿಗೆ ಈ ವ್ಯತ್ಯಾಸ ಮುಖ್ಯ. ಬಿಚ್ಚುವ ಮೊದಲೇ ಫೋಟೋ ತೆಗೆದಿಡಿ, ರಿಪೇರಿ ಶುರು ಮಾಡುವ ಮೊದಲು ವಿಮೆಯವರಿಗೆ ತಿಳಿಸಿ, ಒಡೆದ ಭಾಗ ಎಸೆಯಬೇಡಿ.

ಗುಲಾಬಿ ನೀರು ಹೊರಬಂದಿತ್ತು, ಆದರೂ ಒಡೆಯಿತು

ಗೆಳೆಯರೊಬ್ಬರ ವಿ8 ಸ್ಟರ್ನ್‌ಡ್ರೈವ್ ಬೋಟಿನದು ಈ ಕಥೆ. ಚಳಿಗೆ ಮುಂಚೆ ಒಂದು ಕಡೆ ಕೊಟ್ಟು, ಬೇಗ ಹೆಪ್ಪುಗಟ್ಟದ ದ್ರವವಾದ ಆಂಟಿಫ್ರೀಜ್ ಹಾಕಿಸಿದ್ದರು. ಇಂಜಿನ್ ಸ್ಟಾರ್ಟ್ ಮಾಡಿ, ನೀರಿನ ಬದಲು ಗುಲಾಬಿ ಆಂಟಿಫ್ರೀಜ್ ಎಳೆಸಿ, ಎಕ್ಸಾಸ್ಟ್‌ನಿಂದ ಗುಲಾಬಿ ಬಣ್ಣ ಹೊರಬಂದ ಮೇಲೆ ಕೆಲಸ ಮುಗಿಸಿದ್ದರು. ಎರಡು ರಾತ್ರಿ ಗಟ್ಟಿ ಚಳಿ ಬಿತ್ತು. ಆಮೇಲೆ ನಾವು ನೋಡಿದಾಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎರಡು ಬೆರಳು ಮೇಲೆ. ಬಣ್ಣ ಜೇನಿನ ಹಾಗೆ ಸ್ವಚ್ಛ.

ಬ್ಲಾಕಿನ ಎಡಗಡೆ ಡ್ರೈನ್ ಪ್ಲಗ್ ಬಿಚ್ಚಿದೆವು. ಏನೂ ಬರಲಿಲ್ಲ. ಖಾಲಿ ಇದೆ ಅಂದುಕೊಂಡರು ಅವರು. ನಾನು ಒಂದು ಗಟ್ಟಿ ತಂತಿ ತೆಗೆದುಕೊಂಡು ತೂತಿನೊಳಗೆ ಚುಚ್ಚಿ ತಿರುಗಿಸಿದೆ. ಮೊದಲು ಕರ್ರಗಿನ ತುಕ್ಕಿನ ಪುಡಿ ಉದುರಿತು. ಇನ್ನೊಂದು ಸಲ ಚುಚ್ಚಿದಾಗ ಒಂದು ಹೆಕ್ಕಳೆ ಕಳಚಿ, ನೀರು ಮೊಣಕೈವರೆಗೆ ಚಿಮ್ಮಿತು. ಅದರಲ್ಲಿ ಗುಲಾಬಿ ಬಣ್ಣದ ಸುಳಿವೇ ಇರಲಿಲ್ಲ. ಬರೀ ಕೆರೆ ನೀರು. ಇಂಟೇಕ್ ಮ್ಯಾನಿಫೋಲ್ಡ್ ಎತ್ತಿದಾಗ ಆ ಕಣಿವೆಯ ಗೋಡೆಯಲ್ಲಿ ಗೇಣುದ್ದದ ಸೀಳು.

ಕಾರಣ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್. ಇಂಜಿನ್ ಬಿಸಿಯಾಗುವವರೆಗೆ ಅದು ಮುಚ್ಚಿರುತ್ತದೆ. ಆಗ ಎಳೆದ ಆಂಟಿಫ್ರೀಜ್‌ನಲ್ಲಿ ಹೆಚ್ಚಿನ ಪಾಲು ಬ್ಲಾಕ್ ಹೊಕ್ಕದೆ ಸೀದಾ ಮ್ಯಾನಿಫೋಲ್ಡ್‌ಗೆ ಹೋಗಿ ಎಕ್ಸಾಸ್ಟ್‌ನಿಂದ ಹೊರಬೀಳುತ್ತದೆ. ಎಕ್ಸಾಸ್ಟ್‌ನ ಗುಲಾಬಿ ಬಣ್ಣ ಎಕ್ಸಾಸ್ಟಿಗೆ ಆಂಟಿಫ್ರೀಜ್ ತಲುಪಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಬ್ಲಾಕ್ ಬಗ್ಗೆ ಏನೂ ಹೇಳುವುದಿಲ್ಲ. ಆ ಸೀಳನ್ನು ನೋಡುತ್ತಾ ಅವರು ಮಾತಿಲ್ಲದೆ ಕೂತಿದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ. ತಂತಿ ಚುಚ್ಚುವ ಐದು ನಿಮಿಷದ ಕೆಲಸ ಅದು.

ಆಯಿಲ್‌ಗೆ ನೀರು ಸೇರಿದ್ದು ಖಚಿತವಾದರೆ

ಹೊತ್ತು ಕಳೆಯಬೇಡಿ. ನೀರು ತಾಗಿದ ಬೇರಿಂಗ್ ಮತ್ತು ಸಿಲಿಂಡರ್ ಗೋಡೆ ಬೇಗನೆ ತುಕ್ಕು ಹಿಡಿಯುತ್ತವೆ. ಆಯಿಲ್ ಪೂರ್ತಿ ತೆಗೆದು ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ಸಿಲಿಂಡರಿನಲ್ಲಿ ನೀರಿದ್ದರೆ ಕೈಯಿಂದ ತಿರುಗಿಸಿ ಹೊರಹಾಕಿದ ಮೇಲೆ ಪ್ರತಿಯೊಂದಕ್ಕೂ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸಿ. ಇಂಜಿನ್ ಬಿಚ್ಚುವ ದಿನದವರೆಗೆ ಇದು ಕಾಪಾಡುತ್ತದೆ.

ಹೊರಗಡೆಯ ಸಣ್ಣ ಸೀಳನ್ನು ಲೋಹದ ಪಿನ್ ಹೊಲಿಗೆ ಹಾಕಿ ಸರಿಮಾಡುವ ಕುಶಲಿಗರಿದ್ದಾರೆ. ಅದು ಚೆನ್ನಾಗಿ ನಿಲ್ಲುವುದುಂಟು. ಎಪಾಕ್ಸಿ ಬಳಿದಿದ್ದನ್ನು ನಾನು ತಾತ್ಕಾಲಿಕ ಅಂತಲೇ ಹಿಡಿಯುತ್ತೇನೆ. ಎರಕದ ಕಬ್ಬಿಣಕ್ಕೆ ಮಾಮೂಲಿ ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ಬಿಸಿಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಸಿಲಿಂಡರ್ ಗೋಡೆ ಸೀಳಿದ್ದರೆ ಬ್ಲಾಕ್ ಬದಲಿಸುವ ಯೋಚನೆ ಮಾಡುವುದೇ ಒಳ್ಳೆಯದು.

ಮುಂದೆ ಹೀಗಾಗದ ಹಾಗೆ

ಚಳಿ ಕಡಿಮೆ ಇರುವ ಕಡೆ ನಾನು ನಂಬುವುದು ಒಂದೇ ಉಪಾಯವನ್ನು. ಚಳಿಗಾಲದಲ್ಲಿ ಬೋಟ್ ಓಡಿಸಿ ಬಂದ ಪ್ರತಿ ಸಲವೂ ನೀರು ಖಾಲಿ ಮಾಡುವುದು. ಖಾಲಿ ಇಂಜಿನ್ ಮೈನಸ್ 2 ಆದರೂ ಒಡೆಯಲ್ಲ, ಮೈನಸ್ 12 ಆದರೂ ಒಡೆಯಲ್ಲ. ಅದಕ್ಕೆ ಕರೆಂಟ್ ಬೇಡ, ಹವಾಮಾನ ವರದಿ ಬೇಡ.

ಇಂಜಿನ್ ಇನ್ನೂ ಬೆಚ್ಚಗಿರುವಾಗಲೇ ಮಾಡಿ, ಹೊಲಸು ಸುಲಭವಾಗಿ ಹರಿದುಬರುತ್ತದೆ. ಪೆಟ್ರೋಲ್ ಇಂಜಿನ್ ಇದ್ದರೆ ಇಂಜಿನ್ ಗೂಡಿನ ಮುಚ್ಚಳ ತೆರೆದಿಟ್ಟು ಗಾಳಿಯಾಡಲು ಬಿಡಿ. ವಿ8ನಲ್ಲಿ ಬ್ಲಾಕಿನ ಎರಡೂ ಬದಿಗೆ ಒಂದೊಂದು ಡ್ರೈನ್ ಪ್ಲಗ್, ಪ್ರತಿ ಮ್ಯಾನಿಫೋಲ್ಡಿಗೆ ಒಂದು, ಜೊತೆಗೆ ಮುಂದಿನ ಪಂಪಿನ ದೊಡ್ಡ ಹೋಸ್. ಇದು ಸಾಮಾನ್ಯ ಲೆಕ್ಕ. ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಚಿತ್ರವೇ ಇರುತ್ತದೆ, ಅದರಂತೆ ಎಲ್ಲವನ್ನೂ ಹುಡುಕಿ ಬಣ್ಣದ ಗುರುತು ಹಾಕಿಡಿ. ಪ್ಲಗ್ ಬಿಚ್ಚಿದ ಪ್ರತಿ ತೂತಿಗೂ ತಂತಿ ಚುಚ್ಚಿ, ನೀರು ಬಂದರೂ ಚುಚ್ಚಿ. ಅರ್ಧ ಬಂದು ಕಟ್ಟಿಕೊಳ್ಳುವುದು ಮಾಮೂಲು.

ಬಂದ ನೀರನ್ನು ಬಕೆಟ್ಟಿಗೆ ಹಿಡಿದು ಅಳೆಯಿರಿ. ತಣಿಸುವ ನೀರು ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕೈಪಿಡಿಯಲ್ಲಿ ಇರುತ್ತದೆ. ಅದಕ್ಕೂ ಬಕೆಟ್ಟಿಗೂ ತುಂಬಾ ವ್ಯತ್ಯಾಸ ಇದ್ದರೆ ಎಲ್ಲೋ ನೀರು ಉಳಿದಿದೆ. ಮೊದಲ ಸಲ ಸರಿಯಾಗಿ ಖಾಲಿ ಮಾಡಿದಾಗ ಎಷ್ಟು ಬಂತು ಅಂತ ಬರೆದಿಟ್ಟರೆ ಮುಂದೆ ಅದೇ ಅಳತೆಗೋಲು. ಟ್ರೇಲರಿನ ಮೂತಿ ಒಂದು ಸಲ ಎತ್ತಿ, ಒಂದು ಸಲ ಇಳಿಸಿ ನೋಡಿ. ಹೋಸ್‌ಗಳ ತಗ್ಗಿನಲ್ಲಿ, ಕೂಲರಿನ ಮೂಲೆಯಲ್ಲಿ ನಿಂತ ನೀರು ಆಗ ಹೊರಬರುತ್ತದೆ. ತಳದ ಬಾಲ್ ವಾಲ್ವ್‌ನ ಗುಂಡಿನೊಳಗೂ ಒಂದು ಗುಟುಕು ನೀರು ಸಿಕ್ಕಿಕೊಂಡಿರುತ್ತದೆ. ಬೋಟ್ ನೆಲದ ಮೇಲಿದ್ದರೆ ಅದನ್ನು ತೆರೆದು ಇಳಿಸಿ.

ಆಂಟಿಫ್ರೀಜ್ ಹಾಕಲೇಬೇಕು ಅನಿಸಿದರೆ ಖಾಲಿ ಮಾಡಿದ ಮೇಲೆ ಹಾಕಿ. ಥರ್ಮೋಸ್ಟಾಟ್ ಕೂರುವ ಗೂಡಿನ ಹತ್ತಿರದ ಹೋಸ್ ಬಿಚ್ಚಿ, ಮೇಲಿನಿಂದ ಬ್ಲಾಕಿಗೆ ಮತ್ತು ಮ್ಯಾನಿಫೋಲ್ಡ್‌ಗಳಿಗೆ ನೇರವಾಗಿ ಸುರಿಯಿರಿ. ಆಮೇಲೆ ಬ್ಲಾಕಿನ ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ, ಅಲ್ಲಿ ಬಂದ ಹನಿಯನ್ನು ರಿಫ್ರಾಕ್ಟೋಮೀಟರ್‌ನಲ್ಲಿ, ಪ್ರೊಪಿಲೀನ್ ಗ್ಲೈಕಾಲ್ (ಗುಲಾಬಿ ಆಂಟಿಫ್ರೀಜ್‌ನಲ್ಲಿ ಸಾಮಾನ್ಯವಾಗಿ ಇರುವುದು ಇದೇ) ಅಳತೆಯಲ್ಲಿ ನೋಡಿ. ಡಬ್ಬಿಯ ಮೇಲೆ ಮೈನಸ್ 50 ಅಂತ ದೊಡ್ಡದಾಗಿ ಬರೆದಿರುವ ಗುಲಾಬಿ ಆಂಟಿಫ್ರೀಜ್‌ಗಳಲ್ಲಿ ಆ ಅಂಕಿ ಫ್ಯಾರನ್‌ಹೀಟ್‌ನದು. ಪೈಪ್ ಒಡೆಯದೆ ಇರುವ ಮಿತಿ ಅದು, ಅದೂ ನೀರು ಬೆರೆಸದೆ ಇದ್ದಾಗ. ಇದು ಕೆಸರಿನ ಹಾಗೆ ಗಟ್ಟಿಯಾಗುವುದು ಅದಕ್ಕಿಂತ ಬಹಳ ಮೊದಲೇ, ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒಳಗಿನ ಹಳೆ ನೀರಿಗೆ ಬೆರೆತರೆ ಇನ್ನೂ ಮೊದಲು. ಎಥಿಲೀನ್ ಗ್ಲೈಕಾಲ್ ಅನ್ನು ಹೊರಗಿನ ನೀರು ಹಾಯುವ ಇಂಜಿನ್‌ಗೆ ಹಾಕಬೇಡಿ. ಅದು ವಿಷ, ಮತ್ತೆ ಸ್ಟಾರ್ಟ್ ಮಾಡಿದಾಗ ಎಲ್ಲ ಕೆರೆಗೆ ಹೋಗುತ್ತದೆ.

ಹೀಟರ್ ಇಟ್ಟು ನಿದ್ದೆ ಮಾಡುವವರಿಗೆ ಎರಡು ಮಾತು. ಪೆಟ್ರೋಲ್ ಇಂಜಿನ್ ಗೂಡಿನಲ್ಲಿ ಮಾಮೂಲಿ ಬಲ್ಬು, ರೂಮ್ ಹೀಟರ್ ಇಡುವುದು ಪ್ರಾಣಕ್ಕೆ ಅಪಾಯ. ಕಿಡಿ ಹಾರದ ಹಾಗೆ ಬೋಟಿಗೆಂದೇ ಮಾಡಿದ್ದನ್ನೇ ಇಡಬೇಕು. ಎರಡನೆಯದು, ಕರೆಂಟ್ ಹೋಗುವುದು ಚಳಿ ಬಿದ್ದ ರಾತ್ರಿಯೇ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಾಗೇ ಆಯಿತು. ಚಳಿ ಅಷ್ಟಾಗಿ ಕಾಣದ ಜಾಗದಲ್ಲಿ ಸೊನ್ನೆಗಿಂತ ಕೆಳಗಿಳಿದು ಕೂತಿತು, ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಹೀಟರ್ ಇರಲಿ, ಆದರೆ ಖಾಲಿ ಮಾಡಿದ ಇಂಜಿನ್ ಪಕ್ಕದಲ್ಲಿರಲಿ.

ಹವಾಮಾನ ವರದಿ 1 ಡಿಗ್ರಿ ಅಂದರೆ ನಿಮ್ಮ ಅಂಗಳದಲ್ಲೂ 1 ಡಿಗ್ರಿ ಅಂತ ಅಲ್ಲ. ಮೋಡ ಇಲ್ಲದ, ಗಾಳಿ ಬೀಸದ ರಾತ್ರಿ ನೆಲ ಬೇಗ ತಣಿಯುತ್ತದೆ. ತಣ್ಣನೆ ಗಾಳಿ ಹರಿದು ತಗ್ಗಿನಲ್ಲಿ ಕೂರುತ್ತದೆ. ಅಲ್ಲಿ ಎರಡು ಮೂರು ಡಿಗ್ರಿ ಕಡಿಮೆ ಇರುವುದು ಸಾಮಾನ್ಯ. ನೀರಿನಲ್ಲಿ ತೇಲುವ ಬೋಟಿಗೆ ತಳದ ನೀರಿನ ಬಿಸುಪು ಸಿಗುತ್ತದೆ. ಟ್ರೇಲರ್ ಅಥವಾ ಲಿಫ್ಟ್ ಮೇಲಿರುವುದಕ್ಕೆ ನಾಲ್ಕೂ ಕಡೆ ಚಳಿ ಗಾಳಿ. ಗಾಳಿ ಬೀಸಿದರೆ ಇಂಜಿನ್ ಬೇಗ ತಣಿಯುತ್ತದೆ ಅಷ್ಟೇ, ಸುತ್ತಲ ಗಾಳಿಗಿಂತ ತಣ್ಣಗಾಗುವುದಿಲ್ಲ. ರಾತ್ರಿಯ ಕನಿಷ್ಠ ಮಟ್ಟ ಹಿಡಿದಿಡುವ ಒಂದು ಥರ್ಮಾಮೀಟರನ್ನು ಇಂಜಿನ್ ಪಕ್ಕದಲ್ಲೇ ಕಟ್ಟಿಡಿ. ಎರಡು ಚಳಿಗಾಲ ನೋಡಿದರೆ ನಿಮ್ಮ ಜಾಗದ ಸ್ವಭಾವ ತಿಳಿಯುತ್ತದೆ.

ಔಟ್‌ಬೋರ್ಡ್ ಇದ್ದವರು ಅದನ್ನು ನೆಟ್ಟಗೆ ಇಳಿಸಿಡುವುದರ ಜೊತೆಗೆ ಚಳಿ ಶುರುವಾಗುವ ಮೊದಲು ಗೇರ್‌ಕೇಸಿನ ಕೆಳಗಿನ ಸ್ಕ್ರೂ ಒಂದು ಚೂರು ಸಡಿಲಿಸಿ. ಮೊದಲು ನೀರು ಬಂದರೆ ಅಥವಾ ಗೇರ್ ಆಯಿಲ್ ಬೆಳ್ಳಗಿದ್ದರೆ ಸೀಲ್ ಸೋರುತ್ತಿದೆ. ಆ ನೀರು ಹೆಪ್ಪುಗಟ್ಟಿದರೆ ಗೇರ್‌ಕೇಸ್ ಸೀಳುತ್ತದೆ. ಸೀಲ್ ಬದಲಿಸುವವರೆಗೆ ಬರೀ ಆಯಿಲ್ ಬದಲಿಸಿದರೂ ಆ ರಾತ್ರಿ ಉಳಿಯುತ್ತದೆ.

ಆಂಟಿಫ್ರೀಜ್ ಹಾಕದೆ ಇಂಜಿನ್ ಖಾಲಿ ಬಿಟ್ಟಿದ್ದರೆ, ಬಿಚ್ಚಿದ ಡ್ರೈನ್ ಪ್ಲಗ್‌ಗಳನ್ನು ಆಗಲೇ ಮತ್ತೆ ಹಾಕಬೇಡಿ. ಒಂದು ಚೀಲಕ್ಕೆ ಹಾಕಿ, ಎಷ್ಟಿವೆ ಅಂತ ಚೀಲದ ಮೇಲೆ ಬರೆದು, ಬೋಟಿನ ಕೀಲಿಗೇ ಕಟ್ಟಿ. ಮುಂದಿನ ಸಲ ಕೀಲಿ ಕೈಗೆ ಬಂದಾಗ ಚೀಲವೂ ಬರುತ್ತದೆ. ಎಣಿಸಿ, ಪ್ಲಗ್ ಹಾಕಿ, ಹೋಸ್ ಬಿಗಿ ಮಾಡಿ, ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.